ಹೊರಗಿನ ಚಾಪೆ, ಹದಿನಾಲ್ಕು ಸುಳ್ಳು

ನಾನು ಹುಟ್ಟು ಸುಳ್ಳುಗಾತಿಯಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿದ ಮೇಲೆ ನೀವು ನನ್ನ ಯಾವ ಮಾತನ್ನೂ ನಂಬಲಿಕ್ಕಿಲ್ಲ. ಐವತ್ತು ತುಂಬುವವರೆಗೆ ನಾನು ಹೇಳಿದ್ದ ಅತಿ ದೊಡ್ಡ ಸುಳ್ಳೆಂದರೆ, ಮದುವೆಯಾದ ಹೊಸತರಲ್ಲಿ, "ನಮ್ಮಮ್ಮನ ಸಾರಿಗಿಂತ ನಿಮ್ಮ ಸಾರೇ ಚೆನ್ನಾಗಿದೆ ಅತ್ತೆ" ಎಂದದ್ದು. ಆಮೇಲೆ ಹದಿನಾಲ್ಕು ತಿಂಗಳಲ್ಲಿ ಹದಿನಾಲ್ಕು ಸುಳ್ಳು ಹೇಳಿದೆ. ಹದಿನಾಲ್ಕೂ ಒಂದೇ ಸುಳ್ಳು: "ಅತ್ತೆ, ನಾನು ಹೊರಗಾದೆ."

ನಮ್ಮದು ಮೇಲೂರಿನ ಹತ್ತಿರದ ಹಳ್ಳಿ, ರೇಷ್ಮೆಹುಳು ಸಾಕುವ ಮನೆ. ತಿಂಗಳಿಗೊಂದು ಬೆಳೆ ತೆಗೆಯುತ್ತೇವೆ. ಮರಿಹುಳು ತಂದ ಮೊದಲ ದಿನಗಳಲ್ಲಿ ಕೆಲಸ ಹಗುರ. ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ಹುಳು ನಾಲ್ಕನೇ ಸಲ ಪೊರೆ ಬಿಟ್ಟು ತಲೆಯೆತ್ತಿದ ಮೇಲೆ, ಒಂದು ವಾರ ಅವು ತಿನ್ನುತ್ತವೆ ನೋಡಿ, ಅಬ್ಬಬ್ಬಾ! ಹಿಪ್ಪುನೇರಳೆ ಸೊಪ್ಪಿನ ಹೊರೆ ತಂದು ಹಾಸಿ, ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಬರೀ ಕಡ್ಡಿ. ಮತ್ತೆ ಹೊರೆ, ಮತ್ತೆ ಕಡ್ಡಿ. ಆ ವಾರ ನಮ್ಮ ಮನೆಯಲ್ಲಿ ಮನುಷ್ಯರು ಉಂಡರೋ ಬಿಟ್ಟರೋ ಕೇಳುವವರಿಲ್ಲ, ಹುಳು ಉಂಡರೆ ಸಾಕು.

ಹುಳುಮನೆಗೆ ನಮ್ಮತ್ತೆಯೇ ಯಜಮಾನಿ. ಎಪ್ಪತ್ತು ದಾಟಿದವರು, ಕಡ್ಡಿಯಂಥ ಆಳು, ಗಂಟಲು ಮಾತ್ರ ಮೂರು ತೋಟದಾಚೆಗೆ ಕೇಳಿಸುವಂಥದ್ದು. ಅವರ ಕಾನೂನು ಒಂದೇ: ಮುಟ್ಟಾದ ಹೆಂಗಸು ಹುಳುಮನೆಯ ಹೊಸ್ತಿಲು ಮೆಟ್ಟಬಾರದು, ಮೆಟ್ಟಿದರೆ ಹುಳು ಕೆಡುತ್ತವೆ. ಅವಳು ಹಿತ್ತಿಲ ಜಗಲಿಯಲ್ಲಿ ಚಾಪೆ ಹಾಕಿಕೊಂಡು ಮೂರು ದಿನ ಕೂರಬೇಕು. ಬೇರೆ ತಟ್ಟೆ, ಬೇರೆ ಲೋಟ, ಊಟ ಇದ್ದಲ್ಲಿಗೇ. ನಾನು ಶಿಡ್ಲಘಟ್ಟದ ಪೇಟೆಯಲ್ಲಿ ಗುಮಾಸ್ತರ ಮಗಳಾಗಿ ಬೆಳೆದವಳು. ಮದುವೆಯಾಗಿ ಬಂದ ಮೊದಲ ತಿಂಗಳು ಆ ಚಾಪೆ ನೋಡಿ ಅವಮಾನದಿಂದ ಗೊಳೋ ಎಂದು ಅತ್ತಿದ್ದೆ. ನಲವತ್ತು ದಾಟುವ ಹೊತ್ತಿಗೆ ಅದೇ ಚಾಪೆ ಕಂಡರೆ ಆನಂದಬಾಷ್ಪ ಬರುತ್ತಿತ್ತು. ಮೂರು ದಿನ ರಜೆ! ಯಾವ ಸರ್ಕಾರಿ ನೌಕರಿಯಲ್ಲಿ ತಿಂಗಳು ತಿಂಗಳು ಕೂತಲ್ಲಿಗೆ ಕಾಫಿ ಬರುತ್ತದೆ ಹೇಳಿ. ಲೈಬ್ರರಿಯ ಕಾದಂಬರಿ ಒಂದು ಕೈಲಿ, ಹುರಿದ ಕಡಲೆಕಾಯಿ ಇನ್ನೊಂದು ಕೈಲಿ. ಹುಳುಮನೆಯ ಕಡೆಯಿಂದ ಅತ್ತೆ ನನ್ನ ಗಂಡನಿಗೆ ಬೈಯುವುದು ಕೇಳಿಸುತ್ತಿತ್ತು, ಅದನ್ನು ಕೇಳುತ್ತಾ ಓದುವುದೇ ಒಂದು ಸುಖ.

ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ನಾನು ಹೊರಗಾದ ದಿನ ಅತ್ತೆ ಇದ್ದಿಲಿನಿಂದ ಒಂದು ಚುಕ್ಕೆ ಇಡುತ್ತಿದ್ದರು. ಅವರಿಗೆ ಓದು ಬರದು, ಚುಕ್ಕೆ ಬರುತ್ತದೆ. ಮುಂದಿನ ತಿಂಗಳು ಸೊಪ್ಪು ಕೊಯ್ಯಲು ಯಾವಾಗ ಆಳು ಬೇಕು ಎಂಬುದು ಆ ಚುಕ್ಕೆಯ ಮೇಲೆ ನಿಂತಿತ್ತು. ಗ್ಯಾಸು ಬಂದ ದಿನ, ಅಮಾವಾಸ್ಯೆ, ನನ್ನ ಮುಟ್ಟು, ಮೂರೂ ಒಂದೇ ಹಾಳೆಯ ಮೇಲೆ. ಮನೆಗೆ ಬಂದ ನೆಂಟರೂ ಕಾಫಿ ಕುಡಿಯುತ್ತಾ ಅದನ್ನು ನೋಡುತ್ತಿದ್ದರು.

ಐವತ್ತಕ್ಕೆ ಮುಟ್ಟು ನಿಂತಿತು. ಒಂದು ತಿಂಗಳು ಬರಲಿಲ್ಲ, ಪೀಡೆ ತೊಲಗಿತು ಎಂದುಕೊಂಡು ಒಳಗೊಳಗೇ ಕುಣಿದೆ. ಎರಡನೇ ತಿಂಗಳೂ ಬರಲಿಲ್ಲ, ಆಗ ಹೊಳೆಯಿತು. ಅಯ್ಯೋ, ಹಾಗಾದರೆ ನನ್ನ ಚಾಪೆ? ನನ್ನ ಕಾದಂಬರಿ? ಇನ್ನು ಸಾಯುವವರೆಗೂ ಪ್ರತಿ ಬೆಳೆಯ ಕೊನೆಯ ವಾರ ಒಂದು ಗಳಿಗೆ ಬಿಡುವಿಲ್ಲದೆ ಸೊಪ್ಪು ಹೊರಬೇಕೇ? ಯೋಚನೆ ಮಾಡಿದ್ದು ಅರ್ಧ ನಿಮಿಷ. ಹುಳು ನಾಲ್ಕನೇ ಜ್ವರ ಎದ್ದ ದಿನ ಬೆಳಿಗ್ಗೆ ಮುಖ ಸಪ್ಪಗೆ ಮಾಡಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿಯೇಬಿಟ್ಟೆ. ಅತ್ತೆ ತಲೆಯೆತ್ತದೆ ಇದ್ದಿಲು ತೆಗೆದುಕೊಂಡರು.

ಸುಳ್ಳು ಹೇಳುವುದು ಸುಲಭ, ಮೈ ಬಚ್ಚಿಡುವುದು ಕಷ್ಟ. ಇದ್ದಕ್ಕಿದ್ದಂತೆ ಎದೆಯಿಂದ ಬಿಸಿ ಎದ್ದು ಕತ್ತು, ಕಿವಿ, ನೆತ್ತಿ ಎಲ್ಲ ಕಾದು ಬೆವರು ಹರಿಯುತ್ತಿತ್ತು. ಹುಳುಮನೆಯಲ್ಲಿ ಹುಳುವಿಗೆ ತಂಪಾಗಲಿ ಎಂದು ಕಿಟಕಿಗೆ ಗೋಣಿತಾಟು ಕಟ್ಟಿ ನೀರು ಚಿಮುಕಿಸುತ್ತೇವೆ. ಬಿಸಿ ಎದ್ದಾಗಲೆಲ್ಲ ನಾನು ಆ ಗೋಣಿತಾಟನ್ನು ತಬ್ಬಿಕೊಂಡು ನಿಲ್ಲುತ್ತಿದ್ದೆ. ಒಂದು ಸಲ ಅತ್ತೆ ಕಂಡು, "ಏನೇ ಅದು, ಗೋಣಿ ಜೊತೆ ಸರಸ?" ಎಂದರು. "ಹುಳಕ್ಕೆ ಸೆಕೆ ಆಗ್ತಿದೆಯೇನೋ ಅಂತ ನೋಡ್ತಿದ್ದೆ ಅತ್ತೆ" ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಇನ್ನೊಂದು ಚೊಂಬು ನೀರು ತಂದು ಗೋಣಿಯ ಮೇಲೆ ಸುರಿದರು. ಅರ್ಧ ನನ್ನ ಮೇಲೂ ಬಿತ್ತು, ಸ್ವರ್ಗ ಕಂಡಂತಾಯಿತು.

ಈ ಗುಟ್ಟು ಗೊತ್ತಿದ್ದವಳು ಒಬ್ಬಳೇ, ನನ್ನ ಗೆಳತಿ. ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಒಂದೇ ಬೆಂಚಿನ ಮೇಲೆ ಕೂತವರು ನಾವು. ಅವಳದು ಗೂಡು ಬಿಚ್ಚಿ ರೇಷ್ಮೆ ನೂಲು ತೆಗೆಯುವ ಸಾಬರ ಮನೆ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಜಗಳಕ್ಕೆ ತೆಲುಗು. ನಮ್ಮ ಮನೆಯ ಗೂಡು ಮಾರುಕಟ್ಟೆಗೆ ಹೋದ ದಿನ ನಾನೂ ಗಂಡನ ಜೊತೆ ಹೋಗಿ, ಅವಳ ಮನೆಯಲ್ಲಿ ಕೂತು ಬಿಡುತ್ತಿದ್ದೆ.

ನನ್ನ ಸುಳ್ಳು ಕೇಳಿ ಅವಳು ನಕ್ಕ ನಗು! ಕೈಲಿದ್ದ ಚಹಾ ಚೆಲ್ಲಿತು, ದುಪಟ್ಟಾ ಬಾಯಿಗೆ ತುರುಕಿಕೊಂಡಳು. "ತೌಬಾ ತೌಬಾ! ನಿಮ್ಮಲ್ಲಿ ಮುಟ್ಟಾದ್ರೆ ಚಾಪೆ ಮೇಲೆ ಕೂರಿಸಿ ಊಟ ಕೊಡ್ತಾರೆ. ನಮ್ಮಲ್ಲಿ ಏನಾದ್ರೂ ಆಗ್ಲಿ, ಕುದಿಯೋ ನೀರಿನ ಬೇಸಿನ್ ಮುಂದೆ ಕೂರಬೇಕು. ನಮಾಜಿಗೆ ಮಾತ್ರ ರಜಾ, ನೂಲಿಗೆ ರಜಾ ಇಲ್ಲ. ನನಗೂ ನಿಮ್ಮತ್ತೇನೇ ಕೊಡಿಸೇ!"

ಅವಳಿಗೆ ಮುಟ್ಟು ನಿಂತದ್ದು ನನಗಿಂತ ಮೊದಲು. ಗೂಡು ಬೇಯಿಸುವ ಹಬೆಯಲ್ಲೇ ದಿನವಿಡೀ ಇರುವವಳಿಗೆ, ಬಿಸಿ ಹೊರಗಿನಿಂದ ಬರುತ್ತಿದೆಯೋ ಒಳಗಿನಿಂದಲೋ ಒಂದು ವರ್ಷ ತಿಳಿಯಲೇ ಇಲ್ಲವಂತೆ. ಅದು ನಿಲ್ಲುವ ಮುಂಚೆ ಒಂದು ರಂಜಾನಿನಲ್ಲಂತೂ ದಿನವಿಡೀ ಉಪವಾಸವಿದ್ದು ಸಂಜೆಗೆ ಇನ್ನೇನು ಬಿಡಬೇಕು ಎನ್ನುವಾಗ ಮುಟ್ಟು ಕಾಣಿಸಿಕೊಂಡು, ಆ ದಿನದ ರೋಜಾವನ್ನು ಮತ್ತೆ ಇನ್ನೊಂದು ದಿನ ಮಾಡಬೇಕಾಗಿ ಬಂದಾಗ ಅವಳು ದೇವರ ಜೊತೆಯೇ ಜಗಳಕ್ಕೆ ನಿಂತಿದ್ದಳು. ತೆಲುಗಿನಲ್ಲಿ.

ನಾವಿಬ್ಬರೂ ಒಮ್ಮೆ ಒಂದೇ ದಿನ ಒಂದು ಸಣ್ಣ ಕ್ಲಿನಿಕ್ಕಿಗೆ ಹೋಗಿದ್ದೆವು, ಇಬ್ಬರಿಗೂ ಆಗ ಮುಟ್ಟು ಹದ ತಪ್ಪಿ ಜಾಸ್ತಿ ಹೋಗುತ್ತಿದ್ದ ಕಾಲ. ಅಲ್ಲಿದ್ದ ನರ್ಸಮ್ಮ ಅವಳ ಬುರ್ಖಾ ನೋಡಿ, ಕಿವುಡರಿಗೆ ಹೇಳುವ ಹಾಗೆ ಗಟ್ಟಿಯಾಗಿ, ಹರಕು ಹಿಂದಿಯಲ್ಲಿ ಮಕ್ಕಳೆಷ್ಟು, ಆರೋ ಏಳೋ ಎಂದು ಕೇಳಿದಳು. "ಒಂದೇ ಕಣಮ್ಮ, ಅದೂ ಎಂಎಸ್ಸಿ ಓದ್ತಿದೆ. ನೀವು ಕನ್ನಡದಲ್ಲೇ ಕೇಳಿ, ನನಗೆ ಅರ್ಥ ಆಗುತ್ತೆ" ಎಂದಳು ಇವಳು. ನನ್ನ ಸರದಿ ಬಂದಾಗ ಅದೇ ನರ್ಸಮ್ಮ, "ನೀವು ಹೊಲದಲ್ಲಿ ದುಡಿಯೋ ಗೌಡರ ಮನೆಯೋರು, ಗಟ್ಟಿ ಜೀವ, ತಡ್ಕೊಳ್ತೀರ ಬಿಡಿ" ಎಂದಳು. ಇಬ್ಬರಿಗೂ ಒಂದೇ ಕೆಂಪು ಮಾತ್ರೆ ಕೊಟ್ಟು ಕಳಿಸಿದರು. ಯಾರ ಮೈ ಯಾರೂ ನೋಡಲಿಲ್ಲ, ಅವಳ ಬುರ್ಖಾ ನೋಡಿದರು, ನನ್ನ ಜಾತಿ ನೋಡಿದರು. ಬಸ್‌ಸ್ಟ್ಯಾಂಡಿನವರೆಗೂ ಅವಳು ನನ್ನನ್ನು "ಬನ್ನಿ ಗಟ್ಟಿ ಜೀವ" ಎಂದೂ, ನಾನು ಅವಳನ್ನು "ಏಳು ಮಕ್ಕಳ ತಾಯಿ" ಎಂದೂ ಕರೆಯುತ್ತಾ ನಗುತ್ತಾ ನಡೆದೆವು. ಒಳಗೆ ಮಾತ್ರ ನನಗೆ ಸಿಟ್ಟು ಕುದಿಯುತ್ತಿತ್ತು.

ಹದಿನಾಲ್ಕನೇ ಸುಳ್ಳು ಹೇಳಿ ಚಾಪೆಯಿಂದ ಎದ್ದು ಒಂದು ವಾರವೂ ಆಗಿರಲಿಲ್ಲ. ಬಚ್ಚಲಲ್ಲಿ ನೋಡಿಕೊಂಡರೆ ರಕ್ತ. ನಿಜವಾದ ರಕ್ತ. ನನಗೆ ಮೊದಲು ಬಂದದ್ದು ಭಯವಲ್ಲ, ನಗು. ಇಷ್ಟು ದಿನ ಸುಳ್ಳು ಹೇಳಿದೆಯಲ್ಲ, ತಗೋ ನಿಜ ಎಂದು ಯಾರೋ ಮೇಲಿನಿಂದ ಕಳಿಸಿದಂತಿತ್ತು. ಜೊತೆಗೇ ಹೊಸ ಪೇಚು: ಮೊನ್ನೆ ತಾನೇ ಹೊರಗೆ ಕೂತವಳು ಈಗ ಮತ್ತೆ ಹೊರಗಾದೆ ಎಂದರೆ ಅತ್ತೆ ಚುಕ್ಕೆ ಎಲ್ಲಿ ಇಡುತ್ತಾರೆ? ತೆಪ್ಪಗೆ ಬಟ್ಟೆ ಕಟ್ಟಿಕೊಂಡು ಹುಳುಮನೆಗೆ ಹೋಗಿ ಸೊಪ್ಪು ಹಾಕಿದೆ.

ಗೆಳತಿಗೆ ಫೋನು ಮಾಡಿ ನಗುತ್ತಾ ಹೇಳಿದೆ, "ಈ ಸಲ ಸುಳ್ಳಲ್ಲ ಕಣೇ, ನಿಜವಾಗ್ಲೂ ಬಂತು!"

ಅವಳು ನಗಲಿಲ್ಲ. ಮೂವತ್ತೈದು ವರ್ಷದ ಗೆಳೆತನದಲ್ಲಿ ನನ್ನ ಮಾತಿಗೆ ಅವಳು ನಗದೆ ಇದ್ದದ್ದು ಅದೇ ಮೊದಲು.

"ಒಂದು ವರ್ಷ ಪೂರ್ತಿ ನಿಂತು, ಆಮೇಲೆ ಬಂತಾ?"

"ಹೂಂ."

"ನಮ್ಮ ದೊಡ್ಡ ಆಪಾಗೂ ಹೀಗೇ ಬಂತು. ವಯಸ್ಸಾದ್ಮೇಲೆ ಇದೇನು ನಾಚಿಕೆಗೇಡು ಅಂತ ಯಾರಿಗೂ ಹೇಳ್ದೆ ಎರಡು ವರ್ಷ ಕೂತ್ಲು. ಹೇಳೋ ಹೊತ್ತಿಗೆ ಗರ್ಭಕೋಶದ ಕ್ಯಾನ್ಸರ್ ಎಲ್ಲಾ ಕಡೆ ಹರಡಿತ್ತು. ನಿಂತ ಮೇಲೆ ಒಂದು ತೊಟ್ಟು ಬಂದ್ರೂ ಸುಮ್ನೆ ಇರಬಾರ್ದು ಅಂತ ಆಮೇಲೆ ಡಾಕ್ಟರು ಹೇಳಿದ್ರು. ಆಮೇಲೆ ಹೇಳಿ ಏನು ಬಂತು? ನೀನು ನಾಳೇನೇ ಹೋಗ್ಬೇಕು. ಚಿಂತಾಮಣೀಲಿ ಒಬ್ಬರು ಲೇಡಿ ಡಾಕ್ಟರಿದಾರೆ. ಯಾವ ಭಾಷೇಲಿ ಹೋದ್ರೂ ಅದೇ ಭಾಷೇಲಿ ಬೈತಾರೆ, ಆದ್ರೆ ಮೈ ಮುಟ್ಟಿ ನೋಡ್ತಾರೆ."

ಅವಳ ಆ ಅಕ್ಕನನ್ನು ನಾನೂ ಆಪಾ ಎಂದೇ ಕರೆಯುತ್ತಿದ್ದೆ, ಸ್ಕೂಲಿನ ದಿನಗಳಲ್ಲಿ ಇಬ್ಬರಿಗೂ ಜಡೆ ಹಾಕುತ್ತಿದ್ದವರು.

ಮಾರನೇ ದಿನ ಚಿಂತಾಮಣಿಗೆ ಬ್ಲೌಸು ಹೊಲಿಯಲು ಕೊಡುವುದಿದೆ ಎಂದು ಸೆರಗು ಸರಿಮಾಡಿಕೊಂಡು ಹೊರಟೆ. ಅತ್ತೆ ನನಗಿಂತ ಮೊದಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು. "ನೀನು ಡಾಕ್ಟರ ಹತ್ರ ಹೋಗ್ತಿದೀಯ. ಡಾಕ್ಟರು ಎಷ್ಟು ಹೊತ್ತಿಗೆ ಬರ್ತಾರೆ ಅಂತ ಫೋನಲ್ಲಿ ಕೇಳ್ತಿದ್ದದ್ದು ಕೇಳಿಸ್ತು. ನಾನೂ ಬರ್ತೀನಿ, ಮೊಣಕಾಲು ತೋರಿಸ್ಬೇಕು." ಏನೆಲ್ಲ ಕೇಳಿಸಿದೆಯೋ ಎಂದು ನನ್ನ ಜೀವ ಹಾರಿಹೋಯಿತು. ಇವರ ಮೊಣಕಾಲಿಗೆ ಏನಾಗಿದೆ? ಬೆಳಿಗ್ಗೆ ತಾನೇ ಒಂದು ಹೊರೆ ಸೊಪ್ಪು ತಲೆಯ ಮೇಲೆ ಹೊತ್ತು ತಂದಿದ್ದರು. ಬಗಲಲ್ಲಿ ಒಂದು ಚೀಲ. ಚೀಲದಿಂದ ಸುತ್ತಿದ ಕಾಗದ ಇಣುಕುತ್ತಿತ್ತು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತಾಗ ನೋಡುತ್ತೇನೆ, ಅಡುಗೆಮನೆಯ ಕ್ಯಾಲೆಂಡರು! ಹೋದ ವರ್ಷದ್ದೂ ಈ ವರ್ಷದ್ದೂ!

"ಅದ್ಯಾಕೆ ಅತ್ತೆ?"

"ಡಾಕ್ಟರು ತಾರೀಕು ಕೇಳ್ತಾರಂತಲ್ಲ. ನಿನಗೆ ನೆನಪಿರಲ್ಲ."

ಚಿಂತಾಮಣಿ ಬರುವವರೆಗೆ ಕಿಟಕಿಯಾಚೆಯ ಕರೆಂಟು ಕಂಬ ಎಣಿಸುತ್ತಾ ಕೂತಿದ್ದೆ. ಡಾಕ್ಟರ ಕೋಣೆಗೆ ಒಬ್ಬಳೇ ಹೋಗುತ್ತೇನೆ ಎಂದರೆ ಅತ್ತೆ ಕೇಳಬೇಕಲ್ಲ. ಡಾಕ್ಟರಮ್ಮ ನನ್ನದೇ ವಯಸ್ಸಿನವರು, ಮೂಗಿನ ತುದಿಗೆ ಕನ್ನಡಕ. ಕೊನೆಯ ಮುಟ್ಟು ಯಾವಾಗ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಎರಡೂ ಕ್ಯಾಲೆಂಡರನ್ನು ಮೇಜಿನ ಮೇಲೆ ಹಾಸಿ, ಸ್ಟೆತಾಸ್ಕೋಪನ್ನು ಒಂದು ಮೂಲೆಗೆ ಭಾರವಾಗಿ ಇಟ್ಟು, ಚುಕ್ಕೆಗಳ ಮೇಲೆ ಬೆರಳಾಡಿಸಿದರು.

"ಇಲ್ಲಿ ನೋಡಿ ಡಾಕ್ಟರಮ್ಮ. ಇಲ್ಲಿ, ಇಲ್ಲಿ, ಇಲ್ಲಿ. ಹದಿನಾಲ್ಕು ತಿಂಗಳಿಂದ ಒಂದೂ ತಪ್ಪಿಲ್ಲ. ನನ್ನ ಸೊಸೆ ಅಂದ್ರೆ ಗಡಿಯಾರ!"

ಅವರ ದನಿಯಲ್ಲಿದ್ದ ಹೆಮ್ಮೆ ಕೇಳಿ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಡಾಕ್ಟರಮ್ಮ ಕನ್ನಡಕ ಏರಿಸಿ ನೋಡಿ, "ಪರ್ವಾಗಿಲ್ಲ, ಐವತ್ತೊಂದಕ್ಕೆ ಇಷ್ಟು ಕರೆಕ್ಟಾಗಿ ಬರ್ತಿದೆ. ಹಾಗಿದ್ರೆ ಯೋಚನೆ ಮಾಡ್ಬೇಡಿ, ನಿಲ್ಲೋ ಮುಂಚೆ ಒಂದೊಂದು ಸಲ ಹೀಗೆ ಎರಡು ಸಲ ಬರೋದುಂಟು. ಮಾತ್ರೆ ಕೊಡ್ತೀನಿ, ಮೂರು ತಿಂಗಳು ನೋಡೋಣ" ಎಂದು ಚೀಟಿ ಬರೆದರು. ಅತ್ತೆ ಕ್ಯಾಲೆಂಡರು ಸುತ್ತಿಕೊಂಡರು. ನಾನು ಚೀಟಿ ಹಿಡಿದು ಎದ್ದೆ.

ಬಾಗಿಲ ಹಿಡಿಯ ಮೇಲೆ ಕೈಯಿಟ್ಟೆ. ಮೂರು ತಿಂಗಳು. ಆಪಾ ಜಡೆ ಹಾಕುವಾಗ ತಲೆಗೆ ಮೊಟಕುತ್ತಿದ್ದದ್ದು ನೆನಪಾಯಿತು. ಡಾಕ್ಟರಮ್ಮನದೇನೂ ತಪ್ಪಿಲ್ಲ, ಸುಳ್ಳಿನ ಮೇಲೆ ಚೀಟಿ ಬರೆದಿದ್ದಾರೆ ಪಾಪ. ಸುಳ್ಳು ನನ್ನದು, ಸಾಯುವವಳೂ ನಾನೇ. ತಿರುಗಿ ಬಂದು ಮತ್ತೆ ಕುರ್ಚಿಯಲ್ಲಿ ಕೂತೆ.

"ಡಾಕ್ಟರೇ, ಆ ಚುಕ್ಕೆ ಎಲ್ಲಾ ಸುಳ್ಳು. ನನಗೆ ನಿಂತು ವರ್ಷದ ಮೇಲಾಯ್ತು. ಹುಳಕ್ಕೆ ಸೊಪ್ಪು ಹಾಕೋಕೆ ಬೇಜಾರಾಗಿ ತಿಂಗಳು ತಿಂಗಳು ಹೊರಗಾದೆ ಅಂತ ಸುಳ್ಳು ಹೇಳಿ ಚಾಪೆ ಮೇಲೆ ಕೂತು ಕಾದಂಬರಿ ಓದ್ತಿದ್ದೆ. ಈಗ ಬಂದಿರೋದು ಮಾತ್ರ ನಿಜ."

ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ ಕಣ್ಣು ಮುಚ್ಚಿಕೊಂಡೆ. ಕಣ್ಣು ಬಿಟ್ಟರೆ ಡಾಕ್ಟರಮ್ಮ ಮೇಜಿನ ಮೇಲೆ ತಲೆಯಿಟ್ಟು, ಭುಜ ಕುಲುಕಿಸಿ ನಗುತ್ತಿದ್ದರು. ಆಮೇಲೆ ಎದ್ದು ಕಣ್ಣೊರೆಸಿಕೊಂಡು, ನನ್ನ ಕೈಲಿದ್ದ ಚೀಟಿ ಕಿತ್ತುಕೊಂಡು ಹರಿದರು. "ಸದ್ಯ ಹೇಳಿದ್ರಲ್ಲಮ್ಮ! ಒಬ್ಬರಿಗೆ ಹುಳುಮನೆ, ಒಬ್ಬರಿಗೆ ನಮಾಜು, ಒಬ್ಬರಿಗೆ ದೇವರಮನೆ. ನನ್ನ ಹತ್ರ ನಿಜ ಹೇಳ್ದೇ ಇರೋಕೆ ಎಲ್ಲಾ ಮನೆಯವರಿಗೂ ಒಂದೊಂದು ಕಾರಣ. ಕೇಳಿಸ್ಕೊಳ್ಳಿ. ಒಂದು ವರ್ಷ ನಿಂತ ಮೇಲೆ ಒಂದು ಚುಕ್ಕೆ ರಕ್ತ ಕಂಡ್ರೂ, ವಯಸ್ಸು ಐವತ್ತಾಗ್ಲಿ ಎಂಬತ್ತಾಗ್ಲಿ, ಪರೀಕ್ಷೆ ಮಾಡ್ಲೇಬೇಕು. ಇವತ್ತೇ ಸ್ಕ್ಯಾನ್ ಮಾಡೋಣ."

ಅತ್ತೆಯ ಕಡೆ ನೋಡಲು ನನಗೆ ಧೈರ್ಯವಿರಲಿಲ್ಲ. ಕಂಠ ಯಾವಾಗ ಸಿಡಿಯುತ್ತದೋ ಎಂದು ತಲೆ ತಗ್ಗಿಸಿ ಕಾದೆ. ಸಿಡಿಯಲಿಲ್ಲ. ನಾನು ಎಂದೂ ಕೇಳಿರದ ಸಣ್ಣ ದನಿಯಲ್ಲಿ ಅತ್ತೆ ಕೇಳಿದರು:

"ಎಪ್ಪತ್ತೆರಡಾದ್ರೂನಾ ಡಾಕ್ಟರಮ್ಮ?"

ಡಾಕ್ಟರಮ್ಮ ಕುರ್ಚಿಯನ್ನು ಅತ್ತೆಯ ಕಡೆ ತಿರುಗಿಸಿಕೊಂಡರು.

"ನನಗೂ ಬಂದಿದೆ" ಎಂದರು ಅತ್ತೆ. "ಯುಗಾದಿ ಆದ್ಮೇಲಿಂದ. ಆವಾಗೊಂದು ಸಲ ಈವಾಗೊಂದು ಸಲ. ಹೇಳಿದ್ರೆ ನಾನೂ ಹೊರಗೆ ಕೂರಬೇಕಾಗಿತ್ತಲ್ಲ. ನಾನು ಹೊರಗೆ ಕೂತ್ರೆ ಹುಳ ಯಾರು ನೋಡೋರು? ಇವಳಂತೂ ತಿಂಗಳು ತಿಂಗಳು ಹೊರಗೆ."

ಯುಗಾದಿ ಕಳೆದು ಆಗಲೇ ಆರು ತಿಂಗಳು. ಬೆಳಗಾಗುತ್ತಲೇ ತಮ್ಮ ಸೀರೆ ತಾವೇ ತೊಟ್ಟಿಯ ಹತ್ತಿರ ಒಗೆದುಕೊಳ್ಳುತ್ತಿದ್ದರು. ವಯಸ್ಸಾದವರ ಮಡಿ ಎಂದುಕೊಂಡು ನಾನು ಮಗ್ಗುಲು ಬದಲಿಸಿ ಮಲಗುತ್ತಿದ್ದೆ. ನನಗೆ ಆ ಕ್ಷಣ ಅಳು ತಡೆಯಲಾಗಲಿಲ್ಲ. ನಾನು ಸುಳ್ಳು ಹೇಳಿ ಹೊರಗೆ ಕೂತಿದ್ದೆ, ಅವರು ನಿಜ ಮುಚ್ಚಿಟ್ಟು ಒಳಗೆ ದುಡಿಯುತ್ತಿದ್ದರು. ಮೊಣಕಾಲು ತೋರಿಸಬೇಕು ಎಂದು ಬಂದವರು, ನಾನು ಬಾಯಿ ಬಿಡದೆ ಆ ಚೀಟಿ ಹಿಡಿದು ಹೊರಟಿದ್ದರೆ ಬಾಯಿ ಬಿಡುತ್ತಲೇ ಇರಲಿಲ್ಲ.

"ಹಾಗಾದ್ರೆ ಆರು ತಿಂಗಳಿಂದ ಹಾಗೇ ಹುಳುಮನೆಗೆ ಹೋಗ್ತಿದ್ರಾ ಅತ್ತೆ?" ಎಂದೆ ಮೂಗೊರೆಸಿಕೊಂಡು.

"ಹೋಗ್ತಿದ್ದೆ."

"ಹುಳ?"

ಅತ್ತೆ ಡಾಕ್ಟರನ್ನು ನೋಡಿದರು, ನನ್ನನ್ನು ನೋಡಿದರು, ಸೀಲಿಂಗ್ ಫ್ಯಾನನ್ನು ನೋಡಿದರು. "ಅಂಥ ಬೆಳೆ ನಾಲ್ಕು ವರ್ಷದಲ್ಲಿ ಬಂದಿರಲಿಲ್ಲ" ಎಂದು ಗೊಣಗಿದರು.

ಅಷ್ಟೇ ಸಾಕಾಯಿತು. ಅಳುತ್ತಿದ್ದ ನಾನು ಉಕ್ಕಿ ಬಂದ ನಗುವಿಗೆ ಕೆಮ್ಮತೊಡಗಿದೆ. ಅತ್ತೆ ಮೊದಲು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು, ಆಮೇಲೆ ಅದೂ ಆಗಲಿಲ್ಲ. ಹೊರಗೆ ಕೂತಿದ್ದ ಬಸುರಿಯರೆಲ್ಲ ಈ ಕೋಣೆಯಲ್ಲಿ ಏನು ಕೊಡುತ್ತಾರೋ ಎಂದು ಬಾಗಿಲಲ್ಲಿ ಇಣುಕಿದರು.

ಇಬ್ಬರಿಗೂ ಸ್ಕ್ಯಾನ್ ಆಯಿತು, ಒಳಗಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದೂ ಆಯಿತು. ನನ್ನದು ಕೆಟ್ಟದ್ದಲ್ಲದ ಒಂದು ಸಣ್ಣ ಗಂಟು, ಡಾಕ್ಟರಮ್ಮನೇ ತೆಗೆದುಹಾಕಿದರು. ಅತ್ತೆಯದು ಕೆಟ್ಟದ್ದೇ. ಆದರೆ ಇನ್ನೂ ಗರ್ಭಕೋಶದ ಒಳಗೇ ಇದೆ, ಹೊರಗೆ ಕಾಲಿಟ್ಟಿಲ್ಲ, ಈಗಲೇ ತೆಗೆಸಿದರೆ ಭಯವಿಲ್ಲ ಎಂದರು. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಆ ಹದಿನೈದು ದಿನ ನನ್ನ ಗೆಳತಿ ತನ್ನ ಬೇಸಿನ್ ಬಿಟ್ಟು ದಿನವೂ ನಮ್ಮೂರಿಗೆ ಬಂದು ಹುಳುಮನೆಯಲ್ಲಿ ನಿಂತಳು. ಹುಳುವನ್ನು ಗೂಡಿನ ಸಮೇತ ಬೇಯಿಸುವವಳು ಜೀವಂತ ಹುಳುವಿಗೆ ಸೊಪ್ಪು ಹಾಕಿದ್ದು ಅವಳ ಜನ್ಮದಲ್ಲಿ ಅದೇ ಮೊದಲು. ಆಸ್ಪತ್ರೆಯ ಹಾಸಿಗೆಯಿಂದ ಅತ್ತೆ ವೀಡಿಯೋ ಕಾಲಿನಲ್ಲಿ ಅವಳಿಗೆ ತೆಲುಗಿನಲ್ಲಿ ಬೈದರು, ಅವಳು ತೆಲುಗಿನಲ್ಲೇ ತಿರುಗಿಸಿ ಕೊಟ್ಟಳು. ಅಕ್ಕಪಕ್ಕದ ಹಾಸಿಗೆಯವರು ನಿದ್ದೆ ಬಿಟ್ಟು ಕೇಳುತ್ತಿದ್ದರು.

ಇದಾಗಿ ಎರಡು ವರ್ಷ. ಅತ್ತೆ ಗುಂಡುಕಲ್ಲಿನ ಹಾಗಿದ್ದಾರೆ. ನಾನು ಸುಳ್ಳು ಹೇಳಿದ ಹದಿನಾಲ್ಕು ತಿಂಗಳ ಬಗ್ಗೆ ಅವರು ಇವತ್ತಿನವರೆಗೂ ಒಂದು ಮಾತೂ ಎತ್ತಿಲ್ಲ. ಹುಳುಮನೆಯ ಹೊಸ್ತಿಲಿನ ಕಾನೂನಿನ ಬಗ್ಗೆಯೂ ಇಲ್ಲ. ಕೂಲಿಗೆ ಬರುವ ಹುಡುಗಿಯರು ಈಗ ಎಲ್ಲ ದಿನವೂ ಒಳಗೆ ಬರುತ್ತಾರೆ, ಅತ್ತೆ ಕಂಡೂ ಕಾಣದಂತಿರುತ್ತಾರೆ.

ಮೊನ್ನೆ ಹುಳು ನಾಲ್ಕನೇ ಜ್ವರ ಎದ್ದ ದಿನ ಬೆಳಿಗ್ಗೆ, ಸೊಪ್ಪಿನ ಹೊರೆ ಹೊತ್ತು ಹಿತ್ತಿಲಿಗೆ ಬಂದೆ. ಜಗಲಿಯ ಮೇಲೆ ಹಳೆಯ ಚಾಪೆ ಹಾಸಿತ್ತು. ಅದರ ಮೇಲೆ ಎಪ್ಪತ್ತನಾಲ್ಕರ, ಗರ್ಭಕೋಶವೇ ಇಲ್ಲದ ನನ್ನ ಅತ್ತೆ ಕಾಲು ಚಾಚಿ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಪಕ್ಕದಲ್ಲಿ ಆ ತಟ್ಟೆ, ಆ ಲೋಟ.

"ಇದೇನತ್ತೆ?"

"ಕಾಣಲ್ವಾ? ನಾನು ಹೊರಗೆ" ಎಂದರು. "ಮೂರು ದಿನ. ಹೋಗಮ್ಮ, ಹುಳ ಕಾಯ್ತಾವೆ. ಮೊದ್ಲು ಒಂದು ಲೋಟ ಕಾಫಿ ತಂದಿಟ್ಟು ಹೋಗು."

ಕಾಫಿ ಕಾಸಿ ತಂದಿಟ್ಟೆ. ವಾಪಸ್ಸು ಅಡುಗೆಮನೆಗೆ ಹೋಗಿ ಒಲೆಯ ಮೂಲೆಯಿಂದ ಇದ್ದಿಲು ತೆಗೆದುಕೊಂಡು, ಕ್ಯಾಲೆಂಡರಿನಲ್ಲಿ ಆ ದಿನದ ಮೇಲೆ ಒಂದು ದಪ್ಪ ಚುಕ್ಕೆ ಇಟ್ಟೆ.